ಅಳಿಸದೆ ಬೆಳೆಯುವ ಲೆಕ್ಕ

ಹೆದ್ದಾರಿಯ ಪಕ್ಕದ ಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಕುಳಿತ ಇಬ್ಬರು ಮೂವರನ್ನು ಬಸ್ಸಿನ ಕಿಟಕಿಯಿಂದ ಕಂಡವರು ಬಹಳ ಮಂದಿ ಇರಬಹುದು. ಅವರು ವಾಹನ ಎಣಿಸುವವರು. ರಟ್ಟಿಗೆ ಸಿಕ್ಕಿಸಿದ ಹಾಳೆಯಲ್ಲಿ ಕಾರು, ಜೀಪಿಗೊಂದು ಕಾಲಂ, ಬಸ್ಸಿಗೊಂದು, ಲಾರಿಗೊಂದು, ಬೈಕಿಗೊಂದು. ಸೈಕಲ್ಲಿಗೂ ಎತ್ತಿನ ಗಾಡಿಗೂ ಬೇರೆ ಬೇರೆ. ಲಾರಿ ಹಾದುಹೋದರೆ ಲಾರಿಯ ಕಾಲಮ್ಮಿನಲ್ಲಿ ಒಂದು ಗೆರೆ ಬೀಳುತ್ತದೆ, ಅದರ ಬೆನ್ನಿಗೇ ಮೂರು ಬೈಕು ಬಂದರೆ ಬೈಕಿನ ಕಾಲಮ್ಮಿನಲ್ಲಿ ಮೂರು. ನಾಲ್ಕು ಗೆರೆ ಸಾಲಾಗಿ ನಿಂತ ಮೇಲೆ ಐದನೆಯದನ್ನು ಅವುಗಳ ಮೈಮೇಲೆ ಓರೆಯಾಗಿ ಎಳೆದು ಕಂತೆ ಕಟ್ಟುತ್ತಾರೆ. ಊರಾಚೆಯ ರಸ್ತೆಗಳ ವಾಹನ ಗಣತಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1972ರಲ್ಲಿ ಹೊರತಂದ ಮಾರ್ಗಸೂಚಿ ಹೇಳಿದ್ದೂ ಇದನ್ನೇ: ಏಳು ದಿನ ಹಗಲೂ ರಾತ್ರಿ ಎಣಿಸಿ, ನಾಲ್ಕು ನೇರ ಗೆರೆ ಹಾಕಿ, ಐದನೆಯದನ್ನು ಓರೆಯಾಗಿ ಎಳೆಯಿರಿ. ರಸ್ತೆ ಅಗಲವಾಗಬೇಕೇ, ಡಾಂಬರು ಎಷ್ಟು ದಪ್ಪ ಬೀಳಬೇಕು ಎಂಬ ಕೋಟಿಗಟ್ಟಲೆ ರೂಪಾಯಿಯ ತೀರ್ಮಾನಗಳ ಬುಡದಲ್ಲಿ ಇಂಥ ಗೆರೆಗಳು ಕೂತಿವೆ. ಆದರೂ ಗೆರೆ ಎಂದರೆ ನಮಗೆ ಸಸಾರ. ಓದು ಬರಹ ಬಾರದವರ ಲೆಕ್ಕ, ಅಂಕಿ ಕಲಿಯುವ ತನಕದ ಊರುಗೋಲು ಎಂಬ ಭಾವನೆ. ಆದರೆ ಕಣ್ಣೆದುರು ನಡೆದು ಮರೆಯಾಗುವ ಸಂಗತಿಯನ್ನು ಹಿಡಿದಿಡುವ ಕೆಲಸದಲ್ಲಿ ಅಂಕಿಗಿಂತ ಗೆರೆಯೇ ಮೇಲು. ಗೆರೆ ಗಣಿತದ ಅಂಗನವಾಡಿಯಲ್ಲ. ಅದು ತನ್ನದೇ ನಿಯಮವಿರುವ ಬರವಣಿಗೆ.

ಲಾರಿಯ ಕಾಲಮ್ಮಿನಲ್ಲಿ ಗೆರೆಗಳ ಬದಲು 47 ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಇನ್ನೊಂದು ಲಾರಿ ಬಂತು. ಎಣಿಸುವವನು ರಸ್ತೆಯಿಂದ ಕಣ್ಣು ಕಿತ್ತು ಹಾಳೆ ನೋಡಬೇಕು, 47 ಎಂಬುದನ್ನು ಓದಬೇಕು, ಮನಸ್ಸಿನಲ್ಲೇ ಒಂದು ಕೂಡಬೇಕು, ಹಳೆಯದನ್ನು ಹೊಡೆದುಹಾಕಿ 48 ಬರೆಯಬೇಕು. ಅಷ್ಟರಲ್ಲಿ ಎರಡು ಟೆಂಪೊ ದಾಟಿಹೋಗಿರುತ್ತವೆ. ಬರೆಯುವ ತಂಟೆಯೇ ಬೇಡ, ತಲೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದರೆ ಆರೇಳು ಬಗೆಯ ವಾಹನಗಳ ಆರೇಳು ಮೊತ್ತ ಒಟ್ಟಿಗೆ ನೆನಪಿರಬೇಕು. ಯಾರೋ ಬಂದು ದಾರಿ ಕೇಳಿದರೆ ಎಲ್ಲವೂ ಕಲಸುಮೇಲೋಗರ. ಗೆರೆ ಹಾಕುವವನಿಗೆ ಈ ಪಾಡಿಲ್ಲ. ಇದುವರೆಗೆ ಎಷ್ಟಾಯಿತು ಎಂಬುದು ಅವನಿಗೆ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಮೊತ್ತವನ್ನು ಸಂಜೆ ಯಾರಾದರೂ ಕೂಡಿಕೊಳ್ಳಲಿ. ಈ ಕ್ಷಣದ ಕೆಲಸ ಬಂದದ್ದನ್ನು ಗುರುತಿಸುವುದಷ್ಟೆ. ಎಣಿಸುವುದನ್ನೂ ಕೂಡುವುದನ್ನೂ ಬಿಡಿಸಿ ಬೇರೆ ಮಾಡಿದ್ದೇ ಗೆರೆಯ ಜಾಣತನ. ಇದರೊಳಗೆ ಇನ್ನೊಂದು ಗುಣವಿದೆ. ಅಂಕಿ ಬದಲಾಗಬೇಕಾದರೆ ಹಳೆಯದು ಅಳಿಯಬೇಕು. ಗೆರೆಯ ಲೆಕ್ಕ ಅಳಿಸದೆ ಬೆಳೆಯುತ್ತದೆ. ಹಾಗಾಗಿ ತಪ್ಪಿನ ಬೆಲೆಯೂ ಬೇರೆ. ಅವಸರದಲ್ಲಿ 47 ಎಂಬುದು 41ರಂತೆ ಕಂಡರೆ ಆರು ಲಾರಿ ಒಮ್ಮೆಲೇ ಮಾಯ, ಅಲ್ಲಿಂದ ಮುಂದಿನದೆಲ್ಲ ತಪ್ಪು. ಒಂದು ಗೆರೆ ಬಿಟ್ಟುಹೋದರೆ ಕಳೆದುಹೋಗುವುದು ಒಂದೇ ಲಾರಿ.

ಹಾಳೆ ತುಂಬಿದಂತೆ ಇನ್ನೊಂದು ಲಾಭ ತಾನಾಗಿಯೇ ಒದಗುತ್ತದೆ. ಬೈಕಿನ ಕಂತೆಗಳು ಎರಡನೆಯ ಸಾಲಿಗೆ ಇಳಿದಿವೆ, ಎತ್ತಿನ ಗಾಡಿಯ ಮನೆಯಲ್ಲಿ ಎರಡೇ ಕಡ್ಡಿ ನಿಂತಿವೆ. ಕೂಡುವ ಮೊದಲೇ ರಸ್ತೆಯ ಸ್ವಭಾವ ಕಣ್ಣಿಗೆ ಹೊಡೆಯುತ್ತದೆ. ಸ್ತಂಭಾಲೇಖವೆಂದು ಬೇರೆ ಪಾಠದಲ್ಲಿ ಹೇಳಿಕೊಡುವ ಚಿತ್ರ ಇಲ್ಲಿ ಎಣಿಕೆಯ ಜೊತೆಗೇ ಹುಟ್ಟಿಬಿಡುತ್ತದೆ. ಜಪಾನಿನ ಗುಣಮಟ್ಟ ತಜ್ಞ ಕಾವೊರು ಇಶಿಕಾವ ಕಾರ್ಖಾನೆಯ ಸಾಮಾನ್ಯ ಕೆಲಸಗಾರರೂ ಬಳಸಬೇಕೆಂದು ಹೇಳಿದ ಏಳು ಸಾಧನಗಳಲ್ಲಿ ಇಂಥ ಗುರುತಿನ ಹಾಳೆಯೂ ಒಂದು. ಅದರ ಒಂದು ಬಗೆಯಲ್ಲಿ ಕಾಲಮ್ಮುಗಳೇ ಇರುವುದಿಲ್ಲ; ತಯಾರಾಗುವ ವಸ್ತುವಿನ ಚಿತ್ರವೇ ಹಾಳೆಯ ಮೇಲಿರುತ್ತದೆ. ಗೀರು ಎಲ್ಲಿ ಬಿದ್ದಿದೆಯೋ ಚಿತ್ರದಲ್ಲಿ ಅಲ್ಲೇ ಗುರುತು ಹಾಕುತ್ತಾರೆ. ವಾರದ ಕೊನೆಗೆ ಬಾಗಿಲಿನ ಎಡ ಮೂಲೆಯೊಂದರಲ್ಲೇ ಗುರುತುಗಳು ಗುಂಪುಗಟ್ಟಿದ್ದರೆ ದೋಷ ಯಾವ ಯಂತ್ರದ್ದು ಎಂದು ಹುಡುಕಲು ದೊಡ್ಡ ಸಂಖ್ಯಾಶಾಸ್ತ್ರ ಬೇಕಾಗದು. ಅಲ್ಲಿ ಗುರುತು ಎಷ್ಟು ಎಂಬುದರ ಜೊತೆಗೆ ಎಲ್ಲಿ ಎಂಬುದನ್ನೂ ಹೇಳುತ್ತದೆ.

ನಮ್ಮ ಶಾಲೆಗಳಲ್ಲಿ ಇದೇ ಗೆರೆ ‘ತಾಳೆ ಗುರುತು’ ಎಂಬ ಹೆಸರಿನಲ್ಲಿ ದತ್ತಾಂಶಗಳ ಪಾಠದಲ್ಲಿ ಬರುತ್ತದೆ. ಬರುವ ರೀತಿ ಮಾತ್ರ ವಿಚಿತ್ರ. ಇಪ್ಪತ್ತು ಮಕ್ಕಳ ಅಂಕಗಳನ್ನು ಪುಸ್ತಕವೇ ಅಚ್ಚು ಹಾಕಿ ಕೊಟ್ಟಿರುತ್ತದೆ. ಮಗು ಅದನ್ನು ನೋಡಿ ಗೆರೆ ಎಳೆಯಬೇಕು, ಗೆರೆ ಎಣಿಸಿ ಪಕ್ಕದಲ್ಲಿ ಆವೃತ್ತಿ ಬರೆಯಬೇಕು. ಊಟ ಮುಗಿದ ಮೇಲೆ ಎಲೆ ಹಾಕಿದಂತಾಯಿತು. ಬರೆದಿಟ್ಟ ಪಟ್ಟಿಯಿಂದ ಎಣಿಸುವಾಗಲೂ ಗೆರೆಯಿಂದ ಉಪಯೋಗವಿದೆ, ನಿಜ: ಐದು ಗುಂಪಿಗಾಗಿ ಪಟ್ಟಿಯನ್ನು ಐದು ಸಲ ಓದುವ ಬದಲು ಒಂದೇ ಸಲ ಓದಿದರೆ ಸಾಕು. ಆದರೆ ಆ ಮಾತನ್ನೂ ಪಾಠ ಬಿಡಿಸಿ ಹೇಳುವುದು ಅಪರೂಪ. ಬುದ್ಧಿವಂತ ಹುಡುಗಿಯೊಬ್ಬಳು ‘ನೇರವಾಗಿ ಎಣಿಸಿ 6 ಎಂದು ಬರೆದರೆ ಆಗದೇ?’ ಎಂದು ಕೇಳಿದರೆ, ಆ ಪುಸ್ತಕದ ಮಟ್ಟಿಗೆ ಅವಳ ಮಾತೇ ಸರಿ. ಅದೇ ಮಗುವನ್ನು ಶಾಲೆಯ ಗೇಟಿನ ಬಳಿ ಕಾಲು ಗಂಟೆ ನಿಲ್ಲಿಸಿ, ನಡೆದು ಬಂದವರು, ಸೈಕಲ್ಲಿನವರು, ಆಟೊದವರು ಎಂದು ಬೇರೆ ಬೇರೆ ಎಣಿಸಲು ಹೇಳಿದರೆ, ಗೆರೆ ಯಾಕೆ ಬೇಕೆಂಬುದು ಮೂರನೆಯ ನಿಮಿಷಕ್ಕೇ ಅರ್ಥವಾಗುತ್ತದೆ.

ಐದನೆಯದೇ ಯಾಕೆ ಓರೆಯಾಗಬೇಕು? ಕೈಗೆ ಐದು ಬೆರಳಿರುವುದರಿಂದ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಅದು ಅರ್ಧ ಉತ್ತರ. ಉಳಿದರ್ಧ ಕಣ್ಣಿನಲ್ಲಿದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಕಾಳುಗಳನ್ನು ಡಬ್ಬಿಯೊಳಕ್ಕೆ ಎರಚಿ, ಎಣಿಸದೆ ಒಂದೇ ನೋಟಕ್ಕೆ ಎಷ್ಟೆಂದು ಹೇಳುವ ಪರೀಕ್ಷೆಯನ್ನು ತನ್ನ ಮೇಲೆ ತಾನೇ ಸಾವಿರಕ್ಕೂ ಹೆಚ್ಚು ಸಲ ಮಾಡಿಕೊಂಡ. 1871ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಫಲಿತಾಂಶ ಬರೆದ. ಮೂರು, ನಾಲ್ಕು ಕಾಳು ಇದ್ದಾಗ ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ಬಂದಾಗ ಅಲ್ಲೊಂದು ಇಲ್ಲೊಂದು ತಪ್ಪು ಕಾಣಿಸಿಕೊಂಡಿತು, ಮುಂದೆ ಕಾಳು ಹೆಚ್ಚಿದಷ್ಟೂ ತಪ್ಪು ಹೆಚ್ಚಿತು. ನಾಲ್ಕರವರೆಗೆ ಕಣ್ಣೇ ಲೆಕ್ಕ ಹೇಳುತ್ತದೆ. ಅದರಾಚೆ ಮನಸ್ಸು ಒಂದೊಂದಾಗಿ ಎಣಿಸತೊಡಗುತ್ತದೆ. ಅಂಕಿಗಳ ಇತಿಹಾಸದಲ್ಲೂ ಈ ಗಡಿಯ ಗುರುತಿದೆ. ಬ್ರಾಹ್ಮಿಯಲ್ಲಿ ಒಂದು, ಎರಡು, ಮೂರು ಎಂದರೆ ಒಂದು, ಎರಡು, ಮೂರು ಗೆರೆಗಳೇ; ನಾಲ್ಕು ಬಂದಾಗ ಗೆರೆ ಹೆಚ್ಚಿಸುವುದನ್ನು ಬಿಟ್ಟು ಕೂಡುವ ಚಿಹ್ನೆಯಂಥ ಬೇರೆಯೇ ಆಕಾರ ಬಂತು. ಚೀನೀ ಲಿಪಿಯಲ್ಲೂ ಮೂರರ ತನಕ ಅಡ್ಡಗೆರೆಗಳು, ನಾಲ್ಕಕ್ಕೆ ಹೊಸ ಅಕ್ಷರ. ನಮ್ಮ ೨, ೩ ಕೂಡ ಬ್ರಾಹ್ಮಿಯ ಆ ಗೆರೆಗಳ ಸಂತತಿಯೇ. ಕೈ ಎತ್ತದೆ ಬರೆದು ಬರೆದು ಕೂಡಿಕೊಂಡು ಬಾಗಿದವು. ಹಾಗಾಗಿ ಐದನೆಯ ಗೆರೆಯನ್ನು ಓರೆಯಾಗಿ ಎಳೆದವರು, ಕಣ್ಣು ಸೋಲುವ ಕಡೆಯಲ್ಲೇ ಅದಕ್ಕೊಂದು ಆಸರೆ ಕೊಟ್ಟರು.

ಇದೇ ಕೆಲಸವನ್ನು ಬೇರೆ ನಾಡಿನವರು ಬೇರೆ ರೀತಿ ಮಾಡಿಕೊಂಡಿದ್ದಾರೆ. ಚೀನಾ, ಜಪಾನ್, ಕೊರಿಯಾಗಳಲ್ಲಿ ಐದು ಎಳೆತಗಳಲ್ಲಿ ಮುಗಿಯುವ ಅಕ್ಷರವೊಂದನ್ನು ಎಣಿಕೆಗೆ ಬಳಸುತ್ತಾರೆ; ಒಂದೊಂದು ಎಣಿಕೆಗೂ ಒಂದೊಂದು ಎಳೆತ, ಅಕ್ಷರ ಪೂರ್ತಿಯಾದರೆ ಐದು. ಆ ಅಕ್ಷರದ ಅರ್ಥ ‘ಸರಿ’. ಕಾಡಿನಲ್ಲಿ ಮರ ಎಣಿಸುವವರದು ಹತ್ತರ ಕಂತೆ: ಮೊದಲು ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ, ಆಮೇಲೆ ಚುಕ್ಕಿಗಳನ್ನು ಸೇರಿಸುವ ನಾಲ್ಕು ಗೆರೆ, ಕೊನೆಗೆ ಚೌಕದೊಳಗೆ ಎರಡು ಕರ್ಣ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1977ರ ತನ್ನ ಪುಸ್ತಕದಲ್ಲಿ ಈ ಚುಕ್ಕಿ–ಚೌಕದ ಪರ ವಾದಿಸಿದ. ಓರೆಗೆರೆಯ ಕ್ರಮದಲ್ಲಿ ಅವಸರದವನು ಮೂರಕ್ಕೋ ಐದಕ್ಕೋ ಅಡ್ಡ ಎಳೆದುಬಿಟ್ಟರೆ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ತಕರಾರು. ಚೌಕದಲ್ಲಾದರೆ ಒಂದು ಬದಿ ಇಲ್ಲದಿದ್ದುದು ಎದ್ದು ಕಾಣುತ್ತದೆ. ಆ ತಕರಾರಿನಲ್ಲಿ ಹುರುಳಿದೆ. ಆದರೂ ಲಾರಿಗಳ ಸಾಲಿನ ಮುಂದೆ ಕುಳಿತವನಿಗೆ ಮುಂದಿನದು ಚುಕ್ಕಿಯೋ ಗೆರೆಯೋ ಎಂದು ನೋಡಿಕೊಳ್ಳುವುದೂ ಒಂದು ಕೆಲಸವೇ.

ಗೆರೆ ಬಹಳ ಹಳೆಯದು ಎಂಬ ಕಾರಣಕ್ಕೆ ಅದನ್ನು ಹೊಗಳುವವರೂ ಇದ್ದಾರೆ. ಆಫ್ರಿಕಾದ ಎಡ್ವರ್ಡ್ ಸರೋವರದ ಬಳಿ ಇಶಾಂಗೊದಲ್ಲಿ 1950ರಲ್ಲಿ ಸಿಕ್ಕ, ಸುಮಾರು 20,000 ವರ್ಷ ಹಳೆಯ ಎಲುಬಿನ ಮೇಲೆ ಸಾಲುಸಾಲಾಗಿ ಗೀರುಗಳಿವೆ. ಅದನ್ನು ಚಂದ್ರನ ಪಂಚಾಂಗವೆಂದವರಿದ್ದಾರೆ, ಎರಡರಿಂದ ಗುಣಿಸುವ ಲೆಕ್ಕವೆಂದವರಿದ್ದಾರೆ, ಕೈ ಜಾರದಂತೆ ಹಿಡಿಗೆ ಹಾಕಿದ ಕಚ್ಚು ಎಂದವರೂ ಇದ್ದಾರೆ. ಎಲುಬು ಯಾರ ಪರವಾಗಿಯೂ ಸಾಕ್ಷಿ ಹೇಳದು, ಏಕೆಂದರೆ ಅದರಲ್ಲಿ ಗೀರು ಇದೆ, ತಲೆಬರಹ ಇಲ್ಲ. ಕಾಲಮ್ಮಿನ ನೆತ್ತಿಯ ಮೇಲೆ ‘ಲಾರಿ’ ಎಂದು ಬರೆಯದಿದ್ದರೆ ನಾಳೆ ನಮ್ಮ ಹಾಳೆಯ ಗತಿಯೂ ಇಷ್ಟೇ. ಏನನ್ನು ಎಣಿಸುತ್ತೇವೆ, ಎಲ್ಲಿ ನಿಂತು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬುದನ್ನು ಮೊದಲೇ ಬರೆದಿಟ್ಟರೆ ಮಾತ್ರ ಗೆರೆ ದಾಖಲೆಯಾಗುತ್ತದೆ.

ಹಾಗೆ ಬರೆದಿಟ್ಟರೂ ಗೆರೆಯನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಉಳಿಯುತ್ತದೆ. ಮರದಡಿ ನಿದ್ದೆ ಹೊಡೆದು ಸಂಜೆ ನೂರು ಗೆರೆ ಎಳೆದರೆ ಕೇಳುವವರು ಯಾರು? ಒಂದು ಗೆರೆಯಂತೆಯೇ ಇನ್ನೊಂದು. ಸುಳ್ಳು ಗೆರೆಗೆ ಬೇರೆ ಬಣ್ಣವಿಲ್ಲ. ಈ ಪ್ರಶ್ನೆಗೆ ಬಹಳ ಹಿಂದೆಯೇ ಚೆನ್ನಾದ ಉತ್ತರ ಕಂಡುಕೊಂಡದ್ದು ಇಂಗ್ಲೆಂಡಿನ ರಾಜರ ಖಜಾನೆ. ಹನ್ನೆರಡನೆಯ ಶತಮಾನದಿಂದ ಅಲ್ಲಿ ಹಣ ಕಟ್ಟಿದ್ದಕ್ಕೆ ರಸೀದಿ ಎಂದರೆ ಕಚ್ಚು ಹಾಕಿದ ಕಡ್ಡಿ. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳ ದಪ್ಪ, ಇಪ್ಪತ್ತಕ್ಕೆ ಕಿರುಬೆರಳ ದಪ್ಪ, ಒಂದು ಪೌಂಡಿಗೆ ಬಾರ್ಲಿ ಕಾಳಿನಷ್ಟು. ಕಚ್ಚು ಹಾಕಿದ ಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳುತ್ತಿದ್ದರು. ಒಂದು ಸೀಳು ಹಣ ಕಟ್ಟಿದವನಿಗೆ, ಇನ್ನೊಂದು ಖಜಾನೆಗೆ. ಯಾರಾದರೂ ಒಂದು ಕಚ್ಚು ಹೆಚ್ಚಿಸಿದರೆ ಎರಡು ಸೀಳನ್ನು ಜೋಡಿಸಿದಾಗ ಸಿಕ್ಕಿಬೀಳುತ್ತಿದ್ದ. ಮರದ ಎಳೆಗಳು ಇನ್ನಾವ ಕಡ್ಡಿಯ ಜೊತೆಗೂ ಕೂಡುತ್ತಿರಲಿಲ್ಲ. ಈ ಪದ್ಧತಿ 1826ರವರೆಗೂ ಉಳಿಯಿತು. ಬೇಡವಾದ ಹಳೆಯ ಕಡ್ಡಿಗಳನ್ನು 1834ರ ಅಕ್ಟೋಬರ್ 16ರಂದು ಪಾರ್ಲಿಮೆಂಟಿನ ಒಲೆಗಳಿಗೆ ತುಂಬಿ ಸುಡಲು ಹೋಗಿ ಪಾರ್ಲಿಮೆಂಟ್ ಭವನವೇ ಸುಟ್ಟುಹೋದದ್ದು ಬೇರೆ ಕಥೆ. ಇಂಗ್ಲಿಷಿನ ‘ಟ್ಯಾಲಿ’ ಎಂಬ ಮಾತಿನ ಬೇರು ಲ್ಯಾಟಿನ್ನಿನಲ್ಲಿದೆ; ಅಲ್ಲಿ ಅದಕ್ಕೆ ಕತ್ತರಿಸಿದ ಕಡ್ಡಿ ಎಂದರ್ಥ. ನಮ್ಮ ‘ತಾಳೆ’ ಅದಕ್ಕೆ ದನಿಯಲ್ಲಿ ಹತ್ತಿರ, ಆದರೆ ಹೇಳುವುದು ಹೊಂದಿಕೆಯನ್ನು: ಲೆಕ್ಕ ತಾಳೆಯಾಯಿತು, ಎರಡೂ ಕಡೆ ತಾಳೆ ನೋಡಿದೆ. ಕಡ್ಡಿಯನ್ನು ಸೀಳಿದ್ದರ ಗುಟ್ಟು ಈ ಕನ್ನಡ ಮಾತಿನಲ್ಲೇ ಇದೆ. ಒಂದು ಗೆರೆಯನ್ನು ನಂಬುವಂತೆ ಮಾಡುವುದು ಬೇರೆಯವರ ಕೈಯಲ್ಲಿರುವ ಇನ್ನೊಂದು ಗೆರೆ. ಹಾಲು ಹಾಕುವವಳು ದಿನವೂ ಅಡುಗೆಮನೆಯ ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದುದು ಮನೆಯಾಕೆಯ ಕಣ್ಣೆದುರಿಗೇ. ತಿಂಗಳ ಕೊನೆಗೆ ಲೆಕ್ಕ ಹೇಳುವಾಗ ಇಬ್ಬರಿಗೂ ಅದೇ ಗೋಡೆ.

ಇದೇ ಉಪಾಯ ನಮ್ಮ ಕಾಲದಲ್ಲಿ ಬಹುದೊಡ್ಡ ಪ್ರಮಾಣದಲ್ಲಿ ನಡೆದದ್ದು ಪಲ್ಸ್ ಪೋಲಿಯೊದಲ್ಲಿ. 1995ರಲ್ಲಿ ಶುರುವಾದ ಆ ಕಾರ್ಯಕ್ರಮದ ಭಾನುವಾರಗಳಲ್ಲಿ ಬೂತಿನ ಮೇಜಿನ ಮೇಲೆ ಲಸಿಕೆಯ ಡಬ್ಬಿಯ ಪಕ್ಕ ಒಂದು ಟ್ಯಾಲಿ ಹಾಳೆ ಇರುತ್ತದೆ. ಐದು ವರ್ಷದೊಳಗಿನ ಮಗುವಿನ ಬಾಯಿಗೆ ಎರಡು ಹನಿ ಬೀಳುತ್ತದೆ, ಎಡಗೈ ಕಿರುಬೆರಳಿಗೆ ಶಾಯಿ ತಾಗುತ್ತದೆ, ಹಾಳೆಯಲ್ಲಿ ಒಂದು ಗುರುತು ಬೀಳುತ್ತದೆ. ಮಗು ಚೀರುತ್ತಿರುತ್ತದೆ, ಸಾಲಿನಲ್ಲಿ ಇನ್ನೂ ಹತ್ತು ಜನ ಕಾಯುತ್ತಿರುತ್ತಾರೆ. ಹೆಸರು, ಅಪ್ಪನ ಹೆಸರು, ವಿಳಾಸ ಎಂದು ಬರೆಯಲು ಕುಳಿತರೆ ಮಧ್ಯಾಹ್ನಕ್ಕೆ ಅರ್ಧ ಊರು ಬೇಸತ್ತು ಮನೆಗೆ ಹೋಗಿರುತ್ತದೆ. ಹಾಳೆಯ ಗುರುತನ್ನು ಕುಳಿತಲ್ಲೇ ಹೆಚ್ಚಿಸಬಹುದು ಎಂಬ ಅನುಮಾನಕ್ಕೆ ಕಿರುಬೆರಳಿನ ಶಾಯಿ ಉತ್ತರ. ಮಾರನೆಯ ದಿನ ಬೇರೆ ಮೇಲ್ವಿಚಾರಕರು ಸಂತೆ, ಬಸ್ ನಿಲ್ದಾಣಗಳಲ್ಲಿ ಮಕ್ಕಳ ಬೆರಳು ನೋಡುತ್ತಾರೆ. ಹಾಳೆ ಎಲ್ಲ ಮಕ್ಕಳಿಗೂ ಹಾಕಿದ್ದೇವೆ ಎನ್ನುವಾಗ ಹತ್ತರಲ್ಲಿ ಮೂರು ಬೆರಳು ಬರಿದಾಗಿದ್ದರೆ ಹಾಳೆ ಸುಳ್ಳು ಹೇಳುತ್ತಿದೆ. ಒಂದು ಸೀಳು ಕಾಗದದ ಮೇಲೆ, ಇನ್ನೊಂದು ಸೀಳು ಮಗುವಿನ ಬೆರಳ ಮೇಲೆ. ದೇಶದ ಕೊನೆಯ ಪೋಲಿಯೊ ಪ್ರಕರಣ ಹೌರಾದಲ್ಲಿ ಕಂಡದ್ದು 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ಗೆಲುವು ಲಸಿಕೆಯದು, ಹಾಕಿದವರದು. ಆದರೆ ಯಾವ ಬೀದಿಗೆ ಮತ್ತೆ ಹೋಗಬೇಕು ಎಂದು ತಿಳಿದದ್ದು ಇಂಥ ಹಾಳೆಗಳಿಂದ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಗೆರೆಗೆ ಮುಖವಿಲ್ಲ. ಅದು ಯಾವ ಲಾರಿ, ಯಾವ ಮಗು ಎಂದು ಆಮೇಲೆ ಕೇಳಿದರೆ ಹೇಳದು. ಅಮೆರಿಕದ ಜನಗಣತಿಯವರು ಇದನ್ನು ಕಷ್ಟಪಟ್ಟು ಕಲಿತರು. 1880ರಲ್ಲಿ ಅಲ್ಲಿ ಸುಮಾರು 5 ಕೋಟಿ ಜನ. ಗುಮಾಸ್ತರು ಪುಟ ಪುಟ ತಿರುವಿ ಟ್ಯಾಲಿ ಹಾಳೆಯ ಚಿಕ್ಕ ಚಿಕ್ಕ ಮನೆಗಳಲ್ಲಿ ಗೆರೆ ಹಾಕಿದರು. ಗಂಡಸರೆಷ್ಟು ಎಂದು ಒಂದು ಸಲ, ಹೊರದೇಶದಲ್ಲಿ ಹುಟ್ಟಿದವರೆಷ್ಟು ಎಂದು ಇನ್ನೊಂದು ಸಲ. ಹೊರದೇಶದಲ್ಲಿ ಹುಟ್ಟಿದ ಗಂಡಸರಲ್ಲಿ ಕಮ್ಮಾರರೆಷ್ಟು ಎಂದು ಯಾರಾದರೂ ಕೇಳಿದರೆ ಮತ್ತೆ ಮೊದಲ ಪುಟದಿಂದ. ಕೆಲಸ ಮುಗಿಯುವಷ್ಟರಲ್ಲಿ ಮುಂದಿನ ಜನಗಣತಿ ಬಾಗಿಲಿಗೆ ಬಂದಿತ್ತು. 1890ಕ್ಕೆ ಹರ್ಮನ್ ಹೊಲೆರಿತ್ ಒಬ್ಬೊಬ್ಬರಿಗೂ ಒಂದು ರಂಧ್ರದ ಕಾರ್ಡು ಮಾಡಿ, ಯಂತ್ರದಿಂದ ಎಣಿಸಿದ; ಅವನ ಕಂಪನಿ ಸೇರಿಕೊಂಡ ಸಂಸ್ಥೆಯೇ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಭಾರತದಲ್ಲಿ ಅಂಥ ಯಂತ್ರವಿಲ್ಲದೆಯೇ 1901ರ ಜನಗಣತಿಯವರು ಅದೇ ತೊಡಕನ್ನು ಬಿಡಿಸಿಕೊಂಡರು: ಒಬ್ಬ ಮನುಷ್ಯನಿಗೆ ಒಂದು ಚೀಟಿ, ಧರ್ಮಕ್ಕೊಂದು ಬಣ್ಣದ ಕಾಗದ, ಪ್ರಶ್ನೆ ಬದಲಾದಂತೆ ಚೀಟಿಗಳನ್ನು ಬೇರೆ ಬೇರೆ ಗೂಡಿಗೆ ಹಂಚಿ ಎಣಿಸಿದರೆ ಆಯಿತು. ಈ ಆಕ್ಷೇಪಕ್ಕೆ ಪ್ರತಿವಾದ ಹೂಡುವುದಕ್ಕಿಂತ ಒಪ್ಪಿಕೊಳ್ಳುವುದೇ ಮೇಲು. ಪ್ರಶ್ನೆ ಮೊದಲೇ ನಿಶ್ಚಯವಾಗಿದ್ದಾಗ, ಅದೂ ಒಂದೆರಡೇ ಇದ್ದಾಗ, ಗೆರೆ ಸಾಕು. ನಾಳೆ ಏನು ಕೇಳುತ್ತೇವೋ ತಿಳಿಯದಿದ್ದರೆ ಒಂದೊಂದನ್ನೂ ಬೇರೆಯಾಗಿ ಬರೆದಿಡಬೇಕು. ಆಸ್ಪತ್ರೆಯ ರೋಗಿಗೆ ಗೆರೆ ಸಲ್ಲದು, ಬೂತಿನ ಮಗುವಿಗೆ ಸಲ್ಲುತ್ತದೆ.

ಇಷ್ಟಾದ ಮೇಲೂ, ಕ್ಯಾಮೆರಾ, ಸೆನ್ಸಾರ್, ಮೊಬೈಲು ಇರುವ ಕಾಲದಲ್ಲಿ ಪೆನ್ಸಿಲಿನ ಮಾತು ಯಾಕೆ ಎನ್ನಬಹುದು. ಟೋಲ್ ಗೇಟಿನಲ್ಲಿ ಖಂಡಿತ ಬೇಡ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಪ್ರತಿ ವಾಹನವೂ ತನ್ನ ಗೆರೆಯನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಮೊಬೈಲಿನಲ್ಲಿ ಒತ್ತಿದರೆ ಗಂಟೆ, ನಿಮಿಷವೂ ದಾಖಲಾಗುತ್ತದೆ, ಅದು ಪೆನ್ಸಿಲಿಗೆ ಆಗದ ಕೆಲಸ. ಆದರೆ ಗಮನಿಸಿ, ಅವು ಚೆನ್ನಾಗಿ ಕೆಲಸ ಮಾಡುವುದು ಗೆರೆಯ ನಿಯಮವನ್ನು ಪಾಲಿಸಿದಾಗಲೇ. ಸಭಾಂಗಣದ ಬಾಗಿಲಲ್ಲಿ ಟಿಕ್ ಟಿಕ್ ಎಂದು ಒತ್ತುವ ಎಣಿಕೆಯ ಯಂತ್ರ 312 ಎಂದು ತೋರಿಸುತ್ತದೆ. ಎರಡು ಸಲ ಒತ್ತಿದ್ದು ಎಲ್ಲಿ, ಮರೆತದ್ದು ಎಲ್ಲಿ ಎಂದು ಹುಡುಕಲು ಅದರಲ್ಲಿ ಜಾಡೇ ಉಳಿದಿಲ್ಲ. ಬ್ಯಾಂಕಿನ ಪುಸ್ತಕ ಹಾಗಲ್ಲ. ಬಾಕಿಯನ್ನು ಅಳಿಸಿ ತಿದ್ದುವ ಬದಲು ಪ್ರತಿ ವ್ಯವಹಾರಕ್ಕೂ ಹೊಸ ಸಾಲು ಸೇರಿಸುತ್ತದೆ. ತಪ್ಪಾದರೆ ಸರಿಪಡಿಸಲೂ ಇನ್ನೊಂದು ಸಾಲು. ಕ್ಯಾಮೆರಾ ಟೆಂಪೊವನ್ನು ಲಾರಿಯೆಂದು ಎಣಿಸುತ್ತಿದೆಯೇ ಎಂದು ತಾಳೆ ನೋಡಬೇಕಾದರೂ ಯಾರಾದರೊಬ್ಬರು ಅದೇ ವಿಡಿಯೊದ ಒಂದು ಗಂಟೆಯನ್ನು ಕುಳಿತು ನೋಡಬೇಕು, ಪಕ್ಕದಲ್ಲಿ ಹಾಳೆ ಇಟ್ಟುಕೊಂಡು.

ಗೆರೆಗೆ ನಿಜವಾಗಿ ದಾಟಲಾಗದ ಮಿತಿ ಬೇರೊಂದಿದೆ, ಅದನ್ನು ಆಕ್ಷೇಪಿಸುವವರು ಎತ್ತುವುದು ಕಡಿಮೆ. ಗೆರೆಗೆ ಸೊನ್ನೆ ಬರೆಯಲು ಬರುವುದಿಲ್ಲ. ರಾತ್ರಿ ಎರಡರಿಂದ ಮೂರು ಗಂಟೆಯವರೆಗಿನ ಎತ್ತಿನ ಗಾಡಿಯ ಮನೆ ಖಾಲಿ ಇದೆ. ಗಾಡಿ ಬರಲಿಲ್ಲವೇ, ಎಣಿಸುವವನು ತೂಕಡಿಸಿದನೇ? ಎರಡಕ್ಕೂ ಹಾಳೆಯಲ್ಲಿ ಉಳಿಯುವುದು ಒಂದೇ ಬಿಳಿ ಜಾಗ. ‘ನೋಡಿದೆ, ಇಲ್ಲ’ ಎಂಬುದೂ ‘ನೋಡಲೇ ಇಲ್ಲ’ ಎಂಬುದೂ ಅಲ್ಲಿ ಒಂದಾಗಿಬಿಡುತ್ತವೆ. ಅದಕ್ಕೇ ಬಲ್ಲ ಮೇಲ್ವಿಚಾರಕರು ಖಾಲಿ ಮನೆಯಲ್ಲಿ ಸೊನ್ನೆಯನ್ನೋ ಅಡ್ಡಗೀಟನ್ನೋ ಬರೆಯಿಸುತ್ತಾರೆ. ಪೋಲಿಯೊದವರು ಇದಕ್ಕೆ ಕಂಡುಕೊಂಡ ದಾರಿ ಇನ್ನೂ ಸೊಗಸಾದದ್ದು. ಬೂತಿನ ದಿನ ಕಳೆದ ಮೇಲೆ ಮನೆ ಮನೆಗೆ ಹೋಗುವ ಆಶಾ, ಅಂಗನವಾಡಿ ಕಾರ್ಯಕರ್ತೆಯರು ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಮನೆಯ ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ ‘ಪಿ’. ಬೀಗ ಹಾಕಿದ್ದರೆ, ಮಗು ಅಜ್ಜಿಯ ಊರಿಗೆ ಹೋಗಿದ್ದರೆ, ಅಪ್ಪ ಬೇಡವೆಂದಿದ್ದರೆ ‘ಎಕ್ಸ್’. ಲಸಿಕೆ ಬೀಳದ ಮಗುವಿಗೂ ಅಲ್ಲಿ ಗುರುತಿದೆ. ಎಕ್ಸ್ ಬಿದ್ದ ಮನೆಗಳ ಪಟ್ಟಿ ಸಂಜೆ ಬೇರೆಯಾಗಿ ತಯಾರಾಗುತ್ತದೆ. ಮಾರನೆಯ ದಿನ ಅದೇ ಇಬ್ಬರು ಅದೇ ಡಬ್ಬಿ ಹೊತ್ತು, ಗೋಡೆಯ ಮೇಲೆ ಪಿ ಬರೆಯಲು ಅದೇ ಬಾಗಿಲಿಗೆ ಮತ್ತೆ ಹೋಗುತ್ತಾರೆ.